ಚಮಚಕೊಕ್ಕಿನ ಕಾವಲು

ಅಕ್ಕನ ಹಿಮಸಾರಂಗಗಳು ದಿಬ್ಬದ ಮೇಲೆ ಕಾಣಿಸಿಕೊಂಡಾಗಲೇ ಎಟುವ್ಗಿಯ ಎದೆ ಧಸಕ್ಕೆಂದಿತು. ಅಲ್ಲಿಂದ ಗೂಡಿಗೆ ಎರಡು ಕೂಗಳತೆಯೂ ಇರಲಿಲ್ಲ.

ಚಮಚಕೊಕ್ಕಿನ ಪುಟ್ಟ ಹಕ್ಕಿಯ ಗೂಡು ಅದು. ಈ ಬೇಸಿಗೆಯಲ್ಲಿ ಕರಾವಳಿಯ ತುಂಡ್ರಾವನ್ನೆಲ್ಲ ಜಾಲಾಡಿದರೂ ಸಿಕ್ಕಿದ್ದು ಇದೊಂದೇ. ಹಕ್ಕಿ ಎಣಿಸಲು ಬಂದವರು ಅವನನ್ನು ಕಾವಲಿಗಿಟ್ಟಿದ್ದರು. ಗಂಡು ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತ ಜೀರುಂಡೆಯಂತೆ ಹಾಡಿದ್ದನ್ನು, ಎದೆಯಿಂದ ಪಾಚಿ ಒತ್ತಿ ಗುಳಿ ಮಾಡಿ ಹೆಣ್ಣನ್ನು ಕರೆದದ್ದನ್ನು ಅವನು ದಿನಗಟ್ಟಲೆ ಬೋರಲು ಮಲಗಿ ನೋಡಿದ್ದ. ಆ ಮಹಾರಾಯಗಿತ್ತಿ ಮೂರು ಗುಳಿಗಳಿಗೆ ಮೂಗು ಮುರಿದು ನಾಲ್ಕನೆಯದಕ್ಕೆ ಒಪ್ಪಿದ್ದಳು. ಈಗ ಗಂಡು ಕಾವು ಕೂತಿತ್ತು. ನಾಲ್ಕು ಮೊಟ್ಟೆ, ಮರಿಯಾಗಲು ಇನ್ನು ಆರೇ ದಿನ.

"ಅಕ್ಕಾ, ಹಳ್ಳದ ಕಡೆ ಹೊಡಿ!"

"ಹಳ್ಳದ ಕಡೆನೇ ಹೊಡೀತಿದ್ದೀನಿ ಕಣೋ!" ರಿಂತುನಾ ಕೂಗಿದಳು. "ಸೊಳ್ಳೆ ಕಾಟಕ್ಕೆ ಸಮುದ್ರದ ಗಾಳಿ ಬೇಕು ಇವಕ್ಕೆ, ನಿನ್ನ ಹಕ್ಕಿ ಅಲ್ಲ. ನೀನು ಅದರ ಬಾಣಂತನ ಮಾಡ್ಕೊಂಡು ಬಿದ್ದಿರು!"

ಹಿಂಡು ಹಳ್ಳಕ್ಕೆ ತಿರುಗಿತು. ಅಷ್ಟರಲ್ಲಿ ಮುಂದಿನ ಸಾರಂಗ ನಿಂತು, ಮೂಗೆತ್ತಿ, ನೇರ ಗೂಡಿನತ್ತಲೇ ನಡೆಯಿತು. ಮಿಕ್ಕವೂ ಅದರ ಬೆನ್ನು ಹಿಡಿದವು.

ಏಕೆಂದು ಎಟುವ್ಗಿಗೆ ಥಟ್ಟನೆ ಹೊಳೆಯಿತು. ಬೆಳಿಗ್ಗೆ ಹಕ್ಕಿಯಿಂದ ಕಣ್ಣು ತೆಗೆಯಲು ಮನಸ್ಸಾಗದೆ, ಗೂಡಿನಿಂದ ಹತ್ತೇ ಹೆಜ್ಜೆಯಲ್ಲಿ ಉಚ್ಚೆ ಹೊಯ್ದಿದ್ದ. ಆ ಉಪ್ಪೆಂದರೆ ಸಾರಂಗಗಳಿಗೆ ಪ್ರಾಣ. ಹಿಂಡು ದೂರ ಹೋಗದಿರಲೆಂದು ಗುಡಾರದ ಪಕ್ಕದಲ್ಲೇ ಹೊಯ್ಯುತ್ತ ಬೆಳೆದವನು ಅವನು! ಇಪ್ಪತ್ತು ವರ್ಷ ಸಾರಂಗ ಮೇಯಿಸಿದವನ ಬುದ್ಧಿಗೆ ಇಷ್ಟು ಮಂಕು ಕವಿಯಬಾರದಿತ್ತು.

ಎದ್ದು ಓಡಿದ. ಹಕ್ಕಿ ಗೂಡು ಬಿಟ್ಟು, ಹಿಂಡಿನ ಗಮನ ತನ್ನತ್ತ ಸೆಳೆಯಲು ರೆಕ್ಕೆ ಮುರಿದಂತೆ ಎಳೆಯುತ್ತ, ಇಲಿಯಂತೆ ಕಿಚಗುಟ್ಟುತ್ತ ಗೊರಸುಗಳ ಮುಂದೆಯೇ ಓಡಾಡಿತು. ಸಾರಂಗಗಳು ಅದನ್ನು ಕ್ಯಾರೇ ಅನ್ನಲಿಲ್ಲ. ಮೊಟ್ಟೆ ಕಂಡರೆ ಅವು ಬಿಡುವ ಪೈಕಿಯಲ್ಲ, ನುಂಗಿಯೇ ಬಿಡುತ್ತವೆ. ಎಟುವ್ಗಿ ಗೂಡಿನ ಮೇಲೆ ಅಂಬೆಗಾಲಲ್ಲಿ ನಿಂತುಬಿಟ್ಟ. ಸುತ್ತ ಪಾಚಿ ನೆಕ್ಕುವ ಸದ್ದು, ಬಿಸಿಯುಸಿರು, ತಳ್ಳಾಟ. ಒಂದು ಸಾರಂಗ ಪಕ್ಕೆಗೆ ಗುದ್ದಿತು, ಅವನು ವಾಲಿದ.

ರಿಂತುನಾ ಏದುಸಿರು ಬಿಡುತ್ತ ಬಂದು ಹಿಂಡನ್ನು ಚದುರಿಸಿದಳು. ತಮ್ಮ ಮೆಲ್ಲಗೆ ಪಕ್ಕಕ್ಕೆ ಸರಿದ. ಮೂರು ಮೊಟ್ಟೆ ನೆಟ್ಟಗಿದ್ದವು. ನಾಲ್ಕನೆಯದು ಅಪ್ಪಚ್ಚಿಯಾಗಿತ್ತು.

"ಹಾಳಾದ್ದೇ, ಏನ್ ಮಾಡಿಟ್ಟೆ ನೋಡು!" ಅವಳು ಮುಂದಿನ ಸಾರಂಗಕ್ಕೆ ಕೋಲೆತ್ತಿದಳು.

"ಹೊಡೀಬೇಡ ಅಕ್ಕಾ." ಅವನ ಚರ್ಮದ ಚಲ್ಲಣದ ಮೇಲೆ ಹಳದಿ ಅಂಟಿತ್ತು. "ಅದಲ್ಲ. ನನ್ನ ಮೊಣಕಾಲು."

ಅವಳು ಕೋಲು ಇಳಿಸಿದಳು. "ಏಳು. ನಾವಿಲ್ಲಿದ್ರೆ ಅದು ಬರಲ್ಲ."

ಇಬ್ಬರೂ ದಿಬ್ಬದ ಹಿಂದೆ ಮಲಗಿದರು. ಗಾಳಿ ಕೊರೆಯುತ್ತಿತ್ತು, ಮೊಟ್ಟೆಗಳು ಆರುತ್ತಿದ್ದವು. ಹಿಂಡು ಸಮುದ್ರದತ್ತ ಚೆದುರಿ ಹೋದರೂ ರಿಂತುನಾ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಕ್ಕಿ ಓಡೋಡಿ ಬಂದು ಗೂಡಿಗೆ ಇಣುಕಿತು. ಒಡೆದ ಚಿಪ್ಪನ್ನು ಆ ಚಮಚದಂಥ ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿ, ದೂರ ಬಿಸಾಡಿ ಬಂತು. ಆಮೇಲೆ ಎದೆಯ ಪುಕ್ಕ ಬಿಡಿಸಿ ಮೂರರ ಮೇಲೆ ಕೂತಿತು.