ಖಾಕಿ ಕಾಗದದ ಮೇಲೊಂದು ಭಾನುವಾರ

ಬೇಕರಿಯ ಒಲೆ ಬಿರುಕು ಬಿಟ್ಟಿದೆ ಎಂಬ ಸುದ್ದಿ ಕೇಳಿ ಯಾರಾದರೂ ಅಡುಗೆಮನೆಯಲ್ಲಿ ಕುಣಿದಾಡಿದ್ದುಂಟೆ? ಅವಳು ಕುಣಿದಾಡಿದಳು. ಕೈಯಲ್ಲಿ ಸೌಟಿತ್ತು, ಕಾಲಲ್ಲಿ ಒಂದೇ ಚಪ್ಪಲಿ ಇತ್ತು, ಕಾರ್ಖಾನೆಯ ಬಸ್ಸಿಗೆ ಆರೇ ನಿಮಿಷ ಉಳಿದಿತ್ತು. ಯಾವುದೂ ಅಡ್ಡ ಬರಲಿಲ್ಲ.

ಸುದ್ದಿ ತಂದವನು ಅವಳ ಗಂಡ. ಅವನು ಆ ಬೇಕರಿಯಲ್ಲಿ ರಾತ್ರಿ ಪಾಳಿಯ ಒಲೆಗಾರ. ಇವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು, ಹಗಲು ಪಾಳಿ. ಅವನು ಬೆಳಿಗ್ಗೆ ಏಳಕ್ಕೆ ಮನೆ ಸೇರಿದರೆ ಇವಳು ಏಳೂಮುಕ್ಕಾಲಿಗೆ ಹೊರಟು ನಿಂತಿರುತ್ತಾಳೆ. ಸಂಜೆ ಇವಳು ಏಳಕ್ಕೆ ಬಂದರೆ ಅವನು ಎಂಟಕ್ಕೆ ಹೊರಟ. ಅವನ ವಾರದ ರಜೆ ಮಂಗಳವಾರ, ಇವಳದು ಭಾನುವಾರ, ಆಗಲೂ ಒಬ್ಬರು ಎದ್ದಿದ್ದರೆ ಇನ್ನೊಬ್ಬರಿಗೆ ನಿದ್ದೆ. ಮದುವೆಯಾಗಿ ಆರು ವರ್ಷ ಹೀಗೇ ನಡೆದಿದೆ. ಮನೆಯ ಹಾಸಿಗೆಗೆ ಮಾತ್ರ ರಜೆ ಎಂಬುದೇ ಇಲ್ಲ, ಅದು ಎರಡೂ ಪಾಳಿ ದುಡಿಯುತ್ತದೆ.

ಒಟ್ಟಿಗೆ ರಜೆ ಹಾಕಿಯೇ ಇಲ್ಲವೆಂದಲ್ಲ. ನೆಂಟರ ಮದುವೆಗೆ ಹಾಕಿದ್ದರು, ಮಾವನ ಕಣ್ಣಿನ ಆಪರೇಷನ್ನಿಗೆ ಹಾಕಿದ್ದರು, ಅತ್ತೆ ಮನೆ ಬದಲಾಯಿಸಿದಾಗ ಬೀರು ಹೊರಲು ಹಾಕಿದ್ದರು. ಆದರೆ ಅಂಥ ದಿನಗಳಲ್ಲಿ ಗಂಡ ಒಂದು ಕಡೆ, ಇವಳು ಒಂದು ಕಡೆ, ನಡುವೆ ನೆಂಟರ ಸಂತೆ. ಇಬ್ಬರೇ ಇದ್ದ ಇಡೀ ದಿನ ಒಂದಾದರೂ ಇತ್ತೇ ಎಂದು ಕೇಳಿದರೆ ಇಲ್ಲ.

"ಇಟ್ಟಿಗೆ ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟಬೇಕಂತೆ. ಇನ್ನು ಮೂರು ವಾರಕ್ಕೆ ಗಾರೆಯವನು ಬರ್ತಾನೆ. ಶನಿವಾರ, ಭಾನುವಾರ ಒಲೆ ತಣ್ಣಗಿರತ್ತೆ," ಎಂದ ಅವನು. ಕುಣಿತ ಮುಗಿಯುವವರೆಗೂ ಕಾದು, "ಎಲ್ಲಾದ್ರೂ ಹೋಗಿ ಬರೋಣ್ವಾ?" ಎಂದ.

"ಎಲ್ಲಿಗೆ?"

"ಇಬ್ಬರೂ ನೋಡಿರಬಾರದು. ಅಂಥ ಊರಿಗೆ."

ಗೋಡೆಯ ಮೇಲೆ ಹಿಟ್ಟಿನ ಗಿರಣಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ತಿಂಗಳಿಗೊಂದು ಊರಿನ ಚಿತ್ರ. ಆಗಸ್ಟ್ ತಿಂಗಳಲ್ಲಿ ಒಂದು ನದಿ, ಸಾಲು ದೀಪಗಳ ಸೇತುವೆ, ಎತ್ತರದ ಒಂದು ಗೋಪುರ ಇದ್ದವು. ರೈಲಿನಲ್ಲಿ ಮೂರು ಗಂಟೆಯ ದೂರ. ಅವನು ಬೆರಳಿಟ್ಟ. ಅವಳು ಎರಡನೇ ಚಪ್ಪಲಿ ಹಾಕಿಕೊಂಡು ಬಸ್ಸಿಗೆ ಓಡಿದಳು, ದಾರಿಯುದ್ದಕ್ಕೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವಳ ಸಂತೋಷಕ್ಕೆ ಹುಳಿ ಹಿಂಡಿದವಳು ನಾದಿನಿ. ಗಂಡನ ತಂಗಿಯೂ ಅದೇ ಕಾರ್ಖಾನೆಯಲ್ಲೇ, ಪಕ್ಕದ ಮೇಜಿನಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಾಳೆ. ಅವಳ ಕೈಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ.

"ಬೆಳಿಗ್ಗೆಯಿಂದ ರಾತ್ರಿವರೆಗೂ? ಇಬ್ಬರೇ?"

"ಇಬ್ಬರೇ."

"ನಮ್ಮಣ್ಣನ ಜೊತೆ?"

"ಇನ್ಯಾರ ಜೊತೆ ಹೋಗ್ಲಿ?"

"ಅಲ್ಲ ಅತ್ತಿಗೆ, ಅವನು ಒಂದು ಊಟಕ್ಕೆ ಮೂರು ಮಾತಾಡಿದ್ರೆ ಹೆಚ್ಚು. ಅದರಲ್ಲಿ ಎರಡು 'ಹ್ಞೂಂ'. ಹದಿನಾಲ್ಕು ಗಂಟೆ ಏನ್ ಮಾತಾಡ್ತೀರಿ ಅಂತ."

ಇಬ್ಬರೂ ನಕ್ಕರು. ನಾದಿನಿ ನಕ್ಕು ಮರೆತಳು, ಇವಳಿಗೆ ಮರೆಯಲಾಗಲಿಲ್ಲ. ಗಂಡನೆಂದರೆ ಅವಳಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರಾಣದ ಜೊತೆ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂತು ನೋಡಿದ್ದಿಲ್ಲ. ಕೂತಾಗ ಮಾತೇ ಹುಟ್ಟದಿದ್ದರೆ? ಒಬ್ಬರಿಗೊಬ್ಬರು ಬೇಸರವಾದರೆ? ಇಷ್ಟು ದಿನ ಪಾಳಿಯ ಮೇಲೆ ತಪ್ಪು ಹೊರಿಸಿ ಆರಾಮವಾಗಿದ್ದಾಯಿತು. ಇಡೀ ದಿನ ಕೈಗೆ ಸಿಕ್ಕ ಮೇಲೂ ಹೀಗೇ ಆದರೆ ಯಾರ ಮೇಲೆ ಹೊರಿಸುವುದು? ಈ ಭಯವನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗಂತೂ ಬಾಯಿ ಬಿಡಲಿಲ್ಲ. ಅದರ ಬದಲು ಪ್ರವಾಸದ ಯೋಜನೆ ಹಾಕಲು ಕೂತಳು.

ಅಂಗಿಯ ಅಚ್ಚು ಬರೆಯುವ ಖಾಕಿ ಕಾಗದದಲ್ಲಿ ಒಂದು ಗಜ ಉದ್ದದ ತುಂಡು ಕೇಳಿ ತಂದಳು. ಫ್ರಿಜ್ಜಿನ ಪಕ್ಕದ ಗೋಡೆಗೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದಳು. ಒಂದು ಗಂಟೆಗೆ ಎರಡು ಇಂಚು ಎಂದು ಅಳತೆಪಟ್ಟಿ ಹಿಡಿದು ಭಾನುವಾರವನ್ನು ಗೆರೆ ಎಳೆದು ಬರೆದಳು. ತೋಳು, ಕಾಲರು, ಜೇಬು ಎಂದು ಗುರುತು ಮಾಡುವ ಕೈ ಈಗ ಸೇತುವೆ, ಗೋಪುರ, ದೋಣಿ ಎಂದು ಗುರುತು ಮಾಡಿತು. ಅವನು ಬೆಳಿಗ್ಗೆ ಬಂದು ನೋಡಿದ, ಬ್ರೆಡ್ಡಿನ ತಟ್ಟೆಗಳಿಗೆ ಗುರುತು ಹಾಕುವ ಕೆಂಪು ಪೆನ್ಸಿಲ್ಲಿನಲ್ಲಿ 'ಮೃಗಾಲಯ' ಎಂದು ಬರೆದು ಮಲಗಿದ. ಸಂಜೆ ಇವಳು ಅದರ ಕೆಳಗೆ 'ಜಿರಾಫೆ ಇದೆಯಾ?' ಎಂದು ನೀಲಿಯಲ್ಲಿ ಬರೆದಳು. ಮರುದಿನ ಉತ್ತರ ಬಂತು: 'ಎರಡು.'

ಆಮೇಲೆ ಹಿಡಿಯುವವರಿಲ್ಲ. ಪುಸ್ತಕದಂಗಡಿಗಳ ಬೀದಿ ಸೇರಿತು, ಇಪ್ಪತ್ತು ಮಹಡಿಯ ಲಿಫ್ಟು ಸೇರಿತು. ಹಳೇ ಗಡಿಯಾರಗಳ ವಸ್ತುಸಂಗ್ರಹಾಲಯ ಸೇರಿತು, ಅಲ್ಲಿಗೆ ಹೋಗುವ ಆಸೆ ಇಬ್ಬರಲ್ಲಿ ಯಾರದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕತ್ತರಿ ಮೇಜಿನ ಮುಂದೆ ನಿಂತು ಅವಳಿಗೆ ತಾನಾಗಿಯೇ ನಗು ಬರುತ್ತಿತ್ತು. ಮೇಲ್ವಿಚಾರಕ ಬಂದು, "ಏನು, ಬಟ್ಟೆ ಜೋಕು ಹೇಳ್ತಾ?" ಎಂದು ಕೇಳಿ ಹೋದ.

ಆದರೆ ರಾತ್ರಿಯೂಟ ಮುಗಿಸಿ ಆ ಕಾಗದದ ಮುಂದೆ ನಿಂತಾಗ ಅವಳ ಕಣ್ಣು ಹೋಗುತ್ತಿದ್ದುದು ಖಾಲಿ ಜಾಗಗಳ ಕಡೆಗೆ. ಊಟಕ್ಕೂ ದೋಣಿಗೂ ನಡುವೆ ಅರ್ಧ ಇಂಚು ಖಾಲಿ. ಅಂದರೆ ಕಾಲು ಗಂಟೆ ಇಬ್ಬರೂ ಮುಖ ಮುಖ ನೋಡುತ್ತ ಕೂರಬೇಕು. ಅಲ್ಲಿ 'ಐಸ್‌ಕ್ರೀಮ್' ಎಂದು ತುಂಬಿದಳು. ಇಂಥ ಕಡೆ ಸಂದು ಬಿಡಬಾರದು, ಬಿಟ್ಟರೆ ಮೌನ ಬಂದು ಕೂರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಇಷ್ಟರ ನಡುವೆ ಒಂದು ಎಡವಟ್ಟಾಯಿತು. ಈ ಎಡವಟ್ಟು ಇವರಿಬ್ಬರನ್ನು ಬಿಟ್ಟರೆ ಬೇರೆ ಯಾರಿಗೂ ಆಗಲು ಸಾಧ್ಯವಿಲ್ಲ.

ಬಟ್ಟೆ ಕತ್ತರಿಸುವವರು ಗುರುತಿನ ಗೆರೆಯ ಮೇಲೆ ಕತ್ತರಿ ಆಡಿಸುವುದಿಲ್ಲ. ಹೊಲಿಗೆಗೆಂದು ಮುಕ್ಕಾಲು ಇಂಚು ಆಚೆ ಬಿಟ್ಟು ಕತ್ತರಿಸುತ್ತಾರೆ. ಹತ್ತು ವರ್ಷ ಈ ಕೆಲಸ ಮಾಡಿದವಳಿಗೆ ಎಲ್ಲದಕ್ಕೂ ಅಂಚು ಬಿಡುವುದು ರಕ್ತದಲ್ಲೇ ಬಂದಿತ್ತು. ಕಾಗದದ ತಲೆಯಲ್ಲಿ ಗಂಡ 'ರೈಲು 8.20' ಎಂದು ಬರೆದಿದ್ದ. ಅವನು ಶೂ ಲೇಸು ಕಟ್ಟುವ ನಿಧಾನ ಅವಳಿಗೆ ಗೊತ್ತು. ಸುಮ್ಮನೆ ಅಳಿಸಿ 8.00 ಎಂದು ಬರೆದಳು. ಗಾಬರಿಯಲ್ಲಿ ಓಡುವುದು ತಪ್ಪುತ್ತದೆ, ಅವನಿಗೆ ಹೇಳುವುದೇನೂ ಬೇಡ.

ಅವನ ಕಡೆಯ ಸಂಗತಿ ಅವಳಿಗೆ ತಿಳಿದದ್ದು ಆಮೇಲೆ, ನಾವು ಈಗಲೇ ತಿಳಿದುಕೊಂಡರೆ ತಪ್ಪೇನಿಲ್ಲ. ಕಾಗದದಲ್ಲಿ 8.00 ನೋಡಿ ಅವನು, ಭಾನುವಾರದ ಸಮಯ ಬೇರೆ ಇರಬೇಕು, ಇವಳು ಯಾರನ್ನೋ ವಿಚಾರಿಸಿದ್ದಾಳೆ ಎಂದುಕೊಂಡ. ಬೇಕರಿಯವನಿಗೂ ಒಂದು ಚಟವಿದೆ: ಹಿಟ್ಟು ಉಬ್ಬಲು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳದೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಅದೂ ಅಲ್ಲದೆ ಹೆಂಡತಿ ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಓಡುವವಳು. ಅವನೂ ತುಟಿ ಪಿಟಕ್ಕೆನ್ನದೆ 7.30 ಎಂದು ತಿದ್ದಿದ. ಇವಳು ನೋಡಿದಳು. ಅಯ್ಯೋ, ರೈಲಿನ ಸಮಯ ಬದಲಾಗಿದೆ, ಪುಣ್ಯಕ್ಕೆ ಇವನು ವಿಚಾರಿಸಿದ ಎಂದುಕೊಂಡು 7.10 ಮಾಡಿದಳು. ಅವನು 6.40 ಮಾಡಿದ. ಇವಳು 6.20. ಅವನು 5.50. ಅಷ್ಟರಲ್ಲಿ ಮೂರು ವಾರ ಮುಗಿಯಿತು, ಇಲ್ಲದಿದ್ದರೆ ರೈಲು ಹಿಂದಿನ ದಿನಕ್ಕೇ ಹೊರಟುಬಿಡುತ್ತಿತ್ತು.

ಭಾನುವಾರ ಅಲಾರಾಂ ಹೊಡೆಯುವ ಮೊದಲೇ ಇಬ್ಬರೂ ಎದ್ದಿದ್ದರು. ಮೊದಲ ಬಸ್ಸು ಇನ್ನೂ ಹೊರಟಿರದಿದ್ದರಿಂದ ಚೀಲ ಹೆಗಲಿಗೇರಿಸಿ, ಖಾಕಿ ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಡೆದೇ ಹೋದರು. ಆಕಾಶ ಬೆಳ್ಳಗಾಗುತ್ತಿತ್ತು. ಅವಳು ಹೊಸ ಅಂಗಿ ತೊಟ್ಟಿದ್ದಳು, ಅವನು ಕ್ಷೌರ ಮಾಡಿಕೊಳ್ಳುವಾಗ ಗಲ್ಲಕ್ಕೆ ಗಾಯ ಮಾಡಿಕೊಂಡಿದ್ದ. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು ಆಗಷ್ಟೇ ಕಿಟಕಿ ತೆರೆದು ಆಕಳಿಸುತ್ತಿದ್ದ.

"ಐದು ಐವತ್ತರ ರೈಲಿಗೆ ಎರಡು ಕೊಡಿ," ಎಂದ ಅವನು.

"ಐದು ಐವತ್ತಕ್ಕೆ ಯಾವ ರೈಲೂ ಇಲ್ಲ. ಎಂಟು ಇಪ್ಪತ್ತಕ್ಕೆ ಇದೆ."

"ಯಾವಾಗಿಂದ?"

"ನಾನು ಕೆಲಸಕ್ಕೆ ಸೇರಿದಾಗಿಂದ," ಎಂದ ಕಿಟಕಿಯವನು.

ಟಿಕೆಟ್ ಹಿಡಿದು ಒಂದನೇ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿಗೆ ಬಂದು ಕೂತರು.

"ಸಮಯ ನೀನು ವಿಚಾರಿಸಿದ್ದೆ ಅಲ್ವಾ?" ಎಂದ ಅವನು.

"ನಾನಾ? ನೀನು ವಿಚಾರಿಸಿದ್ದೀಯ ಅಂತ ನಾನು."

ಯಾರು ಎಷ್ಟು ಕಳೆದರು, ಯಾಕೆ ಕಳೆದರು ಎಂಬುದು ಒಂದೊಂದಾಗಿ ಹೊರಬಂತು. ಅವನು ಲೇಸಿನ ಮಾತು ಕೇಳಿ ತನ್ನ ಶೂ ನೋಡಿಕೊಂಡ. ಅವನು ಇಸ್ತ್ರಿಪೆಟ್ಟಿಗೆ ಎನ್ನುತ್ತಿದ್ದಂತೆ ಅವಳಿಗೆ ಅದು ನೆನಪಾಗಿ, ಆರಿಸಿದ್ದೇನೆ, ಖಂಡಿತ ಆರಿಸಿದ್ದೇನೆ ಎಂದು ಎದ್ದು ನಿಂತು ಮತ್ತೆ ಕೂತಳು. ಅಲ್ಲಿಗೆ ಇಬ್ಬರಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪಾರಿವಾಳಗಳು ಎದ್ದು ಆಚೆ ಪ್ಲಾಟ್‌ಫಾರ್ಮಿಗೆ ಹೋದವು.

ನಗು ಒಂದು ಕಡೆ ನಿಲ್ಲಲೇಬೇಕಲ್ಲ, ನಿಂತಿತು. ಆಗ ಅವಳು ಲೆಕ್ಕ ಹಾಕಿದಳು. ಮುಂದೆ ಎರಡೂಮುಕ್ಕಾಲು ಗಂಟೆ. ಐದೂವರೆ ಇಂಚು, ಅದರಲ್ಲಿ ಒಂದು ಗೆರೆಯೂ ಇಲ್ಲ. ಜಿರಾಫೆ ಇಲ್ಲ, ಲಿಫ್ಟಿಲ್ಲ, ಐಸ್‌ಕ್ರೀಮಿಲ್ಲ. ಬೆಂಚು, ಅವನು, ಅವಳು. ಅವನು ಹಳಿ ನೋಡುತ್ತಿದ್ದ, ಅವಳು ಕಂಬ ನೋಡುತ್ತಿದ್ದಳು. ಅವಳಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ.

"ನನಗೆ ಭಯ ಆಗ್ತಿದೆ ಕಣೋ," ಎಂದುಬಿಟ್ಟಳು.

"ಯಾಕೆ?"

ನಾದಿನಿ ಹೇಳಿದ್ದನ್ನು ಹೇಳಿದಳು. ಮೂರು ಮಾತು, ಎರಡು 'ಹ್ಞೂಂ', ಎಲ್ಲ ಹೇಳಿದಳು. "ನಮಗೆ ಮಾತೇ ಇಲ್ಲದಿದ್ರೆ ಏನು ಮಾಡೋದು? ಅದಕ್ಕೇ ಕಾಗದದಲ್ಲಿ ಒಂದಿಂಚೂ ಬಿಡದೆ ತುಂಬಿದ್ದು."

ಅವನಿಗೆ ಬೇಜಾರಾಯಿತೇನೋ ಎಂದು ಅವಳು ನಾಲಿಗೆ ಕಚ್ಚಿಕೊಂಡಳು.

"ಅಲ್ಲ ಕಣೇ, ನೀನು ಚಪ್ಪಲಿ ಹಾಕ್ಕೊಳ್ತಿರುವಾಗ ಏನ್ ಹೇಳ್ಲಿ?" ಎಂದ ಅವನು. "ನಮ್ಮ ಬೇಕರಿ ವಿಷಯ ಯಾವುದೂ ಮುಕ್ಕಾಲು ಗಂಟೆಯಲ್ಲಿ ಮುಗಿಯಲ್ಲ. ಅರ್ಧ ಬೆಂದ ಬ್ರೆಡ್ಡು ಆಚೆ ತೆಗೆದರೆ ಮತ್ತೆ ಒಳಗೆ ಇಡೋಕಾಗಲ್ಲ. ಅದಕ್ಕೇ ಶುರುನೇ ಮಾಡಲ್ಲ."

"ಅಂದ್ರೆ ಹೇಳೋಕೆ ಇದೆಯಾ?"

"ಆರು ವರ್ಷದ್ದಿದೆ."

"ಒಂದು ಹೇಳು ನೋಡೋಣ."

ಅವನು ಗಂಟಲು ಸರಿ ಮಾಡಿಕೊಂಡ. ಮೊದಲು ಬೆಕ್ಕಿನಿಂದ ಶುರುವಾಯಿತು, ಹಿಟ್ಟಿನ ಕೋಣೆಯಲ್ಲಿ ಮರಿ ಹಾಕಿ ನಾಲ್ಕು ದಿನ ಎಲ್ಲರನ್ನೂ ಹೊರಗೆ ನಿಲ್ಲಿಸಿದ ಬೆಕ್ಕು. ಅದು ಮುಗಿಯುವುದರೊಳಗೆ ಅವಳಿಗೆ ತನ್ನ ಕಾರ್ಖಾನೆಯ ನಲವತ್ತು ಎಡತೋಳುಗಳ ಕತೆ ನೆನಪಾಯಿತು. ಹೊಸ ಕೆಲಸಗಾರನೊಬ್ಬ ಬಟ್ಟೆ ತಿರುಗಿಸದೆ ಒಂದೇ ಕಡೆಯ ತೋಳು ಕತ್ತರಿಸಿಟ್ಟು, ಮೇಲ್ವಿಚಾರಕ ಎರಡು ಎಡತೋಳಿನ ಅಂಗಿ ಹಾಕಿಕೊಂಡು ಮಾಲೀಕರ ಮುಂದೆ ನಿಂತ ಕತೆ. ಅವಳು ಎದ್ದು ಮೇಲ್ವಿಚಾರಕನ ಹಾಗೆ ಕೈ ತಿರುಚಿ ನಡೆದು ತೋರಿಸಿದಳು. ಗಂಡ ಹೀಗೆ ಬಿದ್ದು ಬಿದ್ದು ನಗಬಲ್ಲ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಚೀಲದಿಂದ ಬನ್ನು ತೆಗೆದು ತಿಂದರು. ಚಹಾ ತಂದು ಕುಡಿದರು, ಒಂದು ಲೋಟ ಮಾತಿನ ಭರದಲ್ಲಿ ಆರಿಹೋಯಿತು. ಕಸ ಗುಡಿಸುವವಳು ಬಂದು ಕಾಲೆತ್ತಿ ಎಂದಳು, ಎತ್ತಿದರು. ಇನ್ನೊಂದು ಸಲ ಬಂದಳು, ಆಗಲೂ ಎತ್ತಿದರು. ಮೇಲಿನ ಸ್ಪೀಕರಿನಲ್ಲಿ ಯಾರೋ ಏನೋ ಹೇಳುತ್ತಿದ್ದರು, ಸ್ಟೇಷನ್ನುಗಳಲ್ಲಿ ಅದು ಇದ್ದದ್ದೇ.

ಅವನೀಗ ಹಿಟ್ಟಿನ ಲಾರಿ ಡ್ರೈವರನ ಕತೆಯಲ್ಲಿದ್ದ. ಆ ಡ್ರೈವರನಿಗೆ ಕೇಕಿನ ಮೇಲೆ ಅಕ್ಷರ ಬರೆಯುವ ಹುಡುಗಿಯ ಮೇಲೆ ಎರಡು ವರ್ಷದಿಂದ ಮನಸ್ಸು. ಹೇಳಲು ಧೈರ್ಯವಿಲ್ಲ. ಪ್ರತಿ ಸಲ ಬಂದಾಗಲೂ ಒಂದು ಮೂಟೆ ಕಡಿಮೆ ಇಳಿಸಿ, ಮರೆತೆ ಎಂದು ಮರುದಿನ ಮತ್ತೆ ಬರುತ್ತಾನೆ.

"ಕೊನೆಗೆ ಏನು ಮಾಡಿದ ಗೊತ್ತಾ? ಅವಳ ಹತ್ತಿರಾನೇ ಹೋಗಿ ಒಂದು ಕೇಕ್ ಬೇಕು ಅಂದ. ಮೇಲೆ ಏನು ಬರೀಲಿ ಅಂತ ಅವಳು ಕೇಳಿದ್ಲು. 'ನನ್ನನ್ನ ಮದುವೆ ಆಗ್ತೀಯಾ' ಅಂತ ಬರಿ ಅಂದ. ಅವಳು ಬರೆದ್ಲು, ಡಬ್ಬಿಗೆ ಹಾಕಿದ್ಲು, ಯಾರಿಗೆ ಅಂತಾನೂ ಕೇಳ್ಲಿಲ್ಲ. ಇವನು ಆ ಡಬ್ಬಿ ಹಿಡ್ಕೊಂಡು ಅಲ್ಲೇ ಕಲ್ಲಿನ ಹಾಗೆ ನಿಂತ. ಆಮೇಲೆ ಡಬ್ಬಿನ ಅವಳ ಕೈಗೇ ವಾಪಸ್ ಕೊಟ್ಟ."

"ಅವಳು?"

"ಅವಳು ಡಬ್ಬಿ ತೆಗೆದು ನೋಡಿದ್ಲು. ಇವನ ಮುಖ ನೋಡಿದ್ಲು. ಕ್ರೀಮಿನ ಕೊಳವೆ ಕೈಗೆ ತಗೊಂಡು, ಅದರ ಕೆಳಗೇನೇ—"

"ಅಲ್ಲ ನೀವಿಬ್ಬರೂ ಎಲ್ಲಿಗೆ ಹೋಗೋರು?" ಎಂದಳು ಕಸ ಗುಡಿಸುವವಳು. ಮೂರನೇ ಸಲ ಬಂದಿದ್ದಳು.

ಅವನು ಊರಿನ ಹೆಸರು ಹೇಳಿದ.

"ಅದು ಹೋಗಿ ಕಾಲು ಗಂಟೆ ಆಯ್ತಲ್ಲ. ಇವತ್ತು ಮೂರನೇ ಪ್ಲಾಟ್‌ಫಾರ್ಮಿಂದ ಹೊರಟಿದ್ದು, ಮೂರು ಸಲ ಕೂಗಿದ್ರು. ನೀವು ಯಾರನ್ನೋ ಕರ್ಕೊಂಡು ಹೋಗೋಕೆ ಬಂದಿದ್ದೀರಿ ಅಂದ್ಕೊಂಡೆ." ಅವಳು ಪೊರಕೆ ಎತ್ತಿಕೊಂಡು ಮುಂದೆ ಹೋದಳು.

ಗಡಿಯಾರದಲ್ಲಿ ಎಂಟು ಮೂವತ್ತೈದು. ಅವನು ಗಡಬಡಿಸಿ ಎದ್ದ. "ಮುಂದಿನದು ಹನ್ನೊಂದು ಹತ್ತಕ್ಕೆ ಇರಬೇಕು. ಇರು, ವಿಚಾರಿಸಿ ಬರ್ತೀನಿ. ಇಲ್ಲಾಂದ್ರೆ ದಿನಾನೇ ಹೋಯ್ತಲ್ಲೇ."

ಅವಳು ಬೇಸರವಾಗುತ್ತದೇನೋ ಎಂದು ಕಾದಳು. ಎದೆಯಲ್ಲೆಲ್ಲ ಹುಡುಕಿದಳು. ಸಿಕ್ಕಿದ್ದು ಮೂರು ವಾರದಿಂದ ಭಯ ಕೂತಿದ್ದ ಜಾಗ, ಅಲ್ಲೀಗ ಏನೂ ಇರಲಿಲ್ಲ, ಹಗುರವಾಗಿತ್ತು. ಹೊರಟ ಗಂಡನ ಅಂಗಿಯ ತುದಿ ಹಿಡಿದು ಬೆಂಚಿಗೆ ಎಳೆದಳು.

"ಎಲ್ಲಿಗೆ ಹೋಗ್ತೀಯ, ಕೂತ್ಕೋ. ಅವಳು ಕೇಕ್ ಮೇಲೆ ಏನು ಬರೆದ್ಲು, ಮೊದಲು ಅದನ್ನ ಹೇಳು."