ಲುವೀನಿಯಾಳ ಹಾಜರಿ

"ಬಸವನಹುಳ ಆಗಿದ್ರೂ ಇಷ್ಟೊತ್ಗೆ ಬಂದು ಹತ್ಕಂಡಿರದು ಮಿಸ್ ಓಜೆಲ್ಲಾ. ಆಗೋಯ್ತು ನಿನ್ ಟೇಮು. ಐದು ನಿಮ್ಸ ಅಂದ್ರೆ ಐದೇ ನಿಮ್ಸ."

ವ್ಯಾನಿನ ಕಿಟಕಿಯಿಂದ ಕರ್ಟಿಸ್ ಹೀಗೆ ಕೂಗಿದಾಗ ಓಜೆಲ್ಲಾ ಟಾಲಿವರ್ ಅಂಗಳದ ನಡುವಿಗೆ ಬಂದಿದ್ದಳು. ಎರಡು ಕೈಯೂ ವಾಕರಿನ ಮೇಲಿದ್ದವು. ರಾತ್ರಿಯ ಮಳೆಗೆ ಕೆಂಪು ಮಣ್ಣು ಮೆತ್ತಗಾಗಿ ವಾಕರಿನ ಕಾಲು ಹೂತುಕೊಳ್ಳುತ್ತಿತ್ತು. ಕಿತ್ತು, ಮುಂದಿಟ್ಟು, ಮತ್ತೆ ಕಿತ್ತು ಬರುತ್ತಿದ್ದಳು. ವ್ಯಾನಿಗೆ ಇನ್ನು ಹತ್ತು ಹೆಜ್ಜೆ ಇತ್ತು.

"ನಿಂದಿರ್ಲಾ. ಬತ್ತಾ ಇರದು ಕಣ್ಗೆ ಕಾಣಾಕಿಲ್ವಾ?"

"ನನ್ ಕಣ್ಗೆ ಕಾಣ್ತದೆ. ಇದ್ಕೆ ಕಾಣಾಕಿಲ್ವಲ್ಲ." ಕರ್ಟಿಸ್ ಸ್ಟೇರಿಂಗ್ ಪಕ್ಕದ ಪುಟ್ಟ ಪರದೆಯನ್ನು ಬೆರಳಿಂದ ಕುಟ್ಟಿದ. ಅದರೊಳಗಿನ ಅಂಕಿಗಳು ಕೆಂಪಾಗಿದ್ದವು. "ಕೆಂಪಾದ್ಮೇಲೂ ನಿಂತ್ಕಂಡಿದ್ರೆ ಆಪೀಸ್ನೋರು ನನ್ ತಿಕಕ್ಕೆ ಒದೀತಾರೆ."

"ನಿನ್ ತಿಕ ಹೆಚ್ಚಾ ನನ್ ಜೀವ ಹೆಚ್ಚಾ, ಸೂಳೆಮಗನೆ?"

ಕರ್ಟಿಸ್ ಅವಳ ಮುಖ ನೋಡಲಿಲ್ಲ. ಪರದೆಯ ಮೇಲೆ ಏನನ್ನೋ ಒತ್ತಿದ. ಅವಳ ಕಣ್ಣೆದುರೇ ವ್ಯಾನು ಹಿಂದಕ್ಕೆ ಸರಿದು, ತಿರುಗಿ, ಕೆಂಪು ನೀರು ಹಾರಿಸಿಕೊಂಡು ಹೋಯಿತು. ಅವಳ ಬಿಳಿ ಸಾಕ್ಸಿನ ಮೇಲೆ ಕೆಸರು ಸಿಡಿದಿತ್ತು.

ಓಜೆಲ್ಲಾಳಿಗೆ ಅರವತ್ತೆಂಟು. ಎರಡು ಮೂತ್ರಪಿಂಡಗಳೂ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ಮೂವತ್ತು ಮೈಲಿ ಆಚೆಯ ಊರಿನ ಡಯಾಲಿಸಿಸ್ ಕ್ಲಿನಿಕ್ಕಿನಲ್ಲಿ ನಾಲ್ಕು ತಾಸು ರಕ್ತ ತೊಳೆಸಿಕೊಂಡರೆ ಮಾತ್ರ ಮುಂದಿನ ಎರಡು ದಿನದ ಉಸಿರು. ಒಂದು ಸಲ ತಪ್ಪಿದರೆ ಕಾಲು ಬಾಯುತ್ತದೆ, ಎರಡು ಸಲ ತಪ್ಪಿದರೆ ಎದೆಗೆ ನೀರು ತುಂಬುತ್ತದೆ ಎಂದು ನರ್ಸಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಅಮೆರಿಕದ ಅಲಬಾಮಾ ರಾಜ್ಯದ ಆ ಕೌಂಟಿಯಲ್ಲಿ, ಎಂದರೆ ಜಿಲ್ಲೆಯಲ್ಲಿ, ನಡೆಯಲಾಗದವರಿಗೆಂದು ಇರುವುದು ಲಿಫ್ಟಿನಲ್ಲಿ ಮೇಲೆತ್ತಿಕೊಳ್ಳುವ ಸರ್ಕಾರಿ ವ್ಯಾನು ಒಂದೇ. ಅದು ಆರರಿಂದ ಏಳರ ನಡುವೆ ತನಗೆ ಬೇಕಾದಾಗ ಬರುತ್ತದೆ. ಬಂದ ಮೇಲೆ ಐದು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಹತ್ತದಿದ್ದರೆ ಗೈರುಹಾಜರಿ. ತಿಂಗಳಲ್ಲಿ ಮೂರು ಗೈರಾದರೆ ಮೂವತ್ತು ದಿನ ವ್ಯಾನು ಬಂದ್.

ಈ ತಿಂಗಳ ಮೊದಲ ಗೈರು, ವ್ಯಾನು ಆರಕ್ಕೂ ಮೊದಲೇ ಬಂದ ದಿನ, ಅವಳು ಕಕ್ಕಸಿನಲ್ಲಿದ್ದಾಗ. ಎರಡನೆಯದು, ಬದಲಿ ಡ್ರೈವರು ಬೇರೆ ಯಾರದೋ ಗೇಟಿನ ಮುಂದೆ ಹಾರನ್ ಹೊಡೆದು ಹೋದ ದಿನ. ಅವತ್ತು ಓಜೆಲ್ಲಾ ತನ್ನ ಗೇಟಿನಲ್ಲಿ ಒಂದು ತಾಸು ನಿಂತಿದ್ದಳು. ಮೂರನೆಯದು ಇವತ್ತಿನದು, ಗುರುವಾರದ್ದು. ಮಧ್ಯಾಹ್ನ ಫೋನು ಬಂತು. ಒಂದು ಯಂತ್ರದ ಹೆಂಗಸು ಬಹಳ ನಯವಾಗಿ, ನಿಮ್ಮ ಸೇವೆಯನ್ನು ಮೂವತ್ತು ದಿನ ತಡೆಹಿಡಿಯಲಾಗಿದೆ, ನಿಮ್ಮ ದಿನ ಶುಭವಾಗಿರಲಿ ಎಂದಳು.

ಪಕ್ಕದ ಮನೆಯ ವರ್ಲೀನ್‌ಗೆ ಮೀನಿನ ಫ್ಯಾಕ್ಟರಿಯಲ್ಲಿ ಶುಕ್ರವಾರ ಒಂದೇ ರಜೆ. ಆ ರಜೆಯಲ್ಲಿ ಅವಳು ತನ್ನ ಹಳೇ ಕಾರಿನಲ್ಲಿ ಓಜೆಲ್ಲಾಳನ್ನು ಕೌಂಟಿ ಕಚೇರಿಗೆ ಒಯ್ದಳು. "ನಾಳೀಕ್ ಬಾ ಅಂತ ಮಾತ್ರ ಕೇಳ್ಬ್ಯಾಡ ಕಣಕ್ಕ. ಒಂದು ದಿನ ತಪ್ಸುದ್ರೆ ಆ ಮುಂಡೇಮಕ್ಳು ನನ್ ಕೆಲ್ಸ ಕಿತ್ಕತಾರೆ" ಎಂದು ದಾರಿಯಲ್ಲೇ ಹೇಳಿದ್ದಳು. ಓಜೆಲ್ಲಾಳಿಗೆ ಬೇಜಾರಾಗಲಿಲ್ಲ. ಅದೇ ಫ್ಯಾಕ್ಟರಿಯಲ್ಲಿ ಅವಳೂ ಇಪ್ಪತ್ತೆರಡು ವರ್ಷ ಮಂಜುಗಡ್ಡೆಯ ನೀರಿನಲ್ಲಿ ನಿಂತು ಮೀನು ಸೀಳಿದ್ದಳು.

ಸೀಳುವ ಮೇಜಿನಲ್ಲಿ ಅವಳ ಎಡಕ್ಕೆ ಅಷ್ಟೂ ವರ್ಷ ನಿಂತದ್ದು ಲುವೀನಿಯಾ ಮೋಸ್ಲಿ. ಅವಳ ಮನೆ ಅದೇ ರಸ್ತೆಯಲ್ಲಿ ಓಜೆಲ್ಲಾಳ ಮನೆಯಿಂದ ಅರ್ಧ ಮೈಲಿ. ಚರ್ಚಿನ ಹಾಡಿನಲ್ಲೂ ಎಡಕ್ಕೆ ಅವಳೇ, ಡಯಾಲಿಸಿಸ್ ಕುರ್ಚಿಯಲ್ಲೂ ಎಡಕ್ಕೆ ಅವಳೇ. ಜನವರಿಯ ಒಂದು ಶನಿವಾರ, ಓಜೆಲ್ಲಾ ಜ್ವರವೆಂದು ಹೋಗದಿದ್ದ ದಿನ, ಲುವೀನಿಯಾ ಚಿಕಿತ್ಸೆ ಮುಗಿಸಿ ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ವಾಪಸು ವ್ಯಾನಿಗೆ ಕಾದಳು. ಕ್ಲಿನಿಕ್ಕಿನವರು ಬಾಗಿಲು ಹಾಕಿಕೊಂಡು ಹೋದರು. ವ್ಯಾನು ಬರಲಿಲ್ಲ. ಚಳಿಯಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು ಕೂತವಳು ಕೂತಂತೆಯೇ ಹೋಗಿದ್ದಳು. ಕಸ ಗುಡಿಸುವವನು ಬಂದು, ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡು, ಬೆಂಚಿನ ಸುತ್ತ ಗುಡಿಸಿಕೊಂಡು ಹೋದನಂತೆ.

ಅಂದಿನಿಂದ ಒಂದು ವಿಚಿತ್ರ ನಡೆಯುತ್ತಿತ್ತು. ಓಜೆಲ್ಲಾಳನ್ನು ಹತ್ತಿಸಿಕೊಂಡು ಬರುವ ವ್ಯಾನು ಲುವೀನಿಯಾಳ ಮನೆಯ ಮುಂದೆ ನಿಲ್ಲುತ್ತಿತ್ತು. ಕರ್ಟಿಸ್ ಎರಡು ಸಲ ಹಾರನ್ ಹೊಡೆಯುತ್ತಿದ್ದ. ಬೀಗ ಹಾಕಿದ ಮನೆ, ಜಗಲಿಯ ಮೇಲೆ ಬರಿದಾದ ಪ್ಲಾಸ್ಟಿಕ್ ಕುರ್ಚಿ. ಸ್ವಲ್ಪ ಹೊತ್ತು ನಿಂತು ಏನೋ ಒತ್ತಿ ಮುಂದೆ ಹೋಗುತ್ತಿದ್ದ. ಸತ್ತವಳಿಗೆ ಹುಡುಗ ಮರ್ಯಾದೆ ತೋರಿಸುತ್ತಿದ್ದಾನೆ ಎಂದು ಓಜೆಲ್ಲಾ ತಿಳಿದಿದ್ದಳು. ಹಾರನ್ ಆದಾಗಲೆಲ್ಲ ಅವಳು ತಲೆ ತಗ್ಗಿಸಿ ಪ್ರಾರ್ಥನೆ ಮಾಡುತ್ತಿದ್ದಳು. ಮಾಡುವಾಗ ಎಡಗಡೆಯ ಭುಜ ತಣ್ಣಗಾಗುತ್ತಿತ್ತು.

ಕೌಂಟಿ ಕಚೇರಿಯಲ್ಲಿ ಸಾರಿಗೆ ಅಧಿಕಾರಿ ಪ್ರೂಯಿಟ್ ಅವಳನ್ನು ಕೂರಲು ಹೇಳಲಿಲ್ಲ. ಅವಳ ಮಗನ ವಯಸ್ಸಿನ ಬಿಳಿಯ. ಅಂಥವರ ಬಾಯಲ್ಲಿ ಕಪ್ಪು ಹೆಂಗಸಾದ ಅವಳ ಹೆಸರಿಗೆ ಮಿಸ್ ಎಂಬ ಮರ್ಯಾದೆ ಹುಟ್ಟಿದಾಗಿನಿಂದ ಅಂಟಿರಲಿಲ್ಲ, ಇವತ್ತೂ ಅಂಟಲಿಲ್ಲ.

"ನೋಡು ಓಜೆಲ್ಲಾ, ನಿಯಮ ನಿನಗೊಬ್ಬಳಿಗೆ ಮಾಡಿದ್ದಲ್ಲ. ಎಲ್ಲರಿಗೂ ಒಂದೇ."

"ಅಂಗ್ಳದಾಗಿದ್ದೆ ಸಾಹೇಬ್ರೇ. ಹತ್ತು ಹೆಜ್ಜೆ ಇತ್ತು. ಡ್ರೈವರ್ನೇ ಕೇಳಿ."

"ಹತ್ತು ಹೆಜ್ಜೆ ಮೊದಲೇ ಹೊರಡಬೇಕಿತ್ತು. ಬೇಗ ಏಳೋದಕ್ಕೂ ಸರ್ಕಾರವೇ ಆಳು ಕಳಿಸಬೇಕಾ?" ಪ್ರೂಯಿಟ್ ಕಾಫಿ ಕುಡಿದ. "ನಿಮ್ಮವರದ್ದು ಇದೇ ಗೋಳು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ."

"ನಾಳೀಕ್ ಹೋಗ್ದಿದ್ರೆ ನಾನ್ ಸಾಯ್ತೀನಿ."

"ಆಂಬುಲೆನ್ಸಿಗೆ ಫೋನ್ ಮಾಡು. ಅದು ನನ್ನ ಇಲಾಖೆ ಅಲ್ಲ." ಅವನು ಕಂಪ್ಯೂಟರ್ ಪರದೆಯನ್ನು ಅವಳ ಕಡೆ ತಿರುಗಿಸಿದ. "ಇಲ್ಲಿ ನೋಡು. ನಿನ್ನ ರಸ್ತೆಯವಳೇ, ನಿನ್ನದೇ ಕಾಯಿಲೆ, ನಿನಗಿಂತ ಎರಡು ವರ್ಷ ದೊಡ್ಡವಳು. ವರ್ಷ ಶುರುವಾದಾಗಿನಿಂದ ಒಂದೇ ಒಂದು ಗೈರಿಲ್ಲ. ಹೋಗೋದೂ ಸರಿ, ಬರೋದೂ ಸರಿ. ಇವಳನ್ನ ನೋಡಿ ಕಲಿ."

ಹಸಿರು ಗುರುತುಗಳ ಉದ್ದನೆಯ ಸಾಲು. ಅದರ ತಲೆಯ ಮೇಲೆ ಬರೆದಿದ್ದ ಹೆಸರನ್ನು ಓಜೆಲ್ಲಾ ಎರಡು ಸಲ ಓದಿದಳು. ಲುವೀನಿಯಾ ಮೋಸ್ಲಿ.

ಆ ಹೆಣದ ತಲೆ ಬಾಚಿದ್ದು ಓಜೆಲ್ಲಾಳೇ. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದ್ದೂ ಅವಳೇ. ಕರ್ಟಿಸ್ ಆ ಗೇಟಿನಲ್ಲಿ ಒತ್ತುತ್ತಿದ್ದದ್ದು ಏನು ಎಂಬುದು ಈಗ ಅರ್ಥವಾಯಿತು. ಬದುಕಿದ್ದಾಗ ಬೆಂಚಿನಲ್ಲಿ ಬಿಟ್ಟವರು ಸತ್ತ ಮೇಲೆ ತಪ್ಪದೆ ಕರೆದೊಯ್ದು ಕರೆತರುತ್ತಿದ್ದರು. ಇಷ್ಟು ದಿನ ಆ ಹಾರನ್ನಿಗೆ ತಲೆ ತಗ್ಗಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸತ್ತಿದ್ದಾಳೆ ಕಣಯ್ಯ ಅವಳು, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

"ನಾಳೀಕೂ ಅವಳ್ಗೆ ವ್ಯಾನ್ ಬತ್ತದಾ ಸಾಹೇಬ್ರೇ?"

"ಬರದೆ ಏನು? ನಿಯಮ ಪಾಲಿಸೋರಿಗೆ ಬಂದೇ ಬರುತ್ತೆ."

"ಸರಿ" ಎಂದಳು ಓಜೆಲ್ಲಾ. "ಅವಳ್ನ ನೋಡಿ ಕಲೀತೀನಿ."

ಆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುರ್ಚಿಯಲ್ಲಿ ಕೂತೇ ಕಳೆದಳು. ಪಾದಗಳು ಚಪ್ಪಲಿಗೆ ಹಿಡಿಯದಷ್ಟು ಬಾತಿದ್ದವು, ಅದಕ್ಕೇ ಸತ್ತ ಗಂಡನ ಬೂಟು ಹಾಕಿಕೊಂಡಳು. ಬೆಳಕು ಹರಿಯುವ ಮೊದಲೇ ಹೊರಟು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಅರ್ಧ ಮೈಲಿ ನಡೆದಳು. ದಾರಿಯುದ್ದಕ್ಕೂ ಎಡಗಡೆಯಲ್ಲಿ ಇನ್ನೊಂದು ಜೊತೆ ಕಾಲು ಕೆಸರು ತುಳಿಯುವ ಸದ್ದು ಕೇಳುತ್ತಿತ್ತು. ಅವಳು ಆ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಸದ್ದು ನಿಂತುಹೋದೀತೆಂಬ ಭಯ ಅವಳಿಗೆ.

ಲುವೀನಿಯಾಳ ಕುರ್ಚಿಯ ಮೇಲಿನ ಎಲೆಗಳನ್ನು ಒರೆಸಿ ಕೂತಳು. ಆರೂವರೆಗೆ ವ್ಯಾನು ಬಂತು. ಕರ್ಟಿಸ್ ತಲೆ ಎತ್ತದೆ ಎರಡು ಸಲ ಹಾರನ್ ಹೊಡೆದ.

ಜಗಲಿಯಿಂದ ಒಬ್ಬಳು ಮುದುಕಿ ಎದ್ದಳು.

ಕರ್ಟಿಸ್‌ನ ಕೈಲಿದ್ದ ಬಿಸ್ಕೆಟ್ ಬಿತ್ತು. "ಯೇಸಪ್ಪಾ" ಎಂದ. ಅವಳು ಮೆಟ್ಟಿಲಿಳಿದು ಹತ್ತಿರ ಬಂದು ಗುರುತು ಸಿಕ್ಕ ಮೇಲೂ ಅವನ ಮುಖಕ್ಕೆ ರಕ್ತ ಬರಲಿಲ್ಲ.

"ಮಿಸ್ ಓಜೆಲ್ಲಾ, ಇವತ್ತು ನಿನ್ ಹೆಸ್ರು ಪಟ್ಟೀಲಿಲ್ಲ."

"ಓಜೆಲ್ಲಾನ್ನ ಯಾರ್ಲಾ ಕೇಳುದ್ರು? ಈ ಮನೆ ಮುಂದೆ ನಿಂತಿದ್ಯಲ್ಲ, ಯಾರ್ನ ಹತ್ತಿಸ್ಕಳಾಕೆ? ಹೆಸ್ರು ಓದು."

ಅವನು ಪರದೆಯನ್ನು ಅಂಗೈಯಿಂದ ಮುಚ್ಚಿದ.

"ಓದ್ಲಾ."

"ಲುವೀನಿಯಾ ಮೋಸ್ಲಿ."

"ನಾನೇಯ. ಲಿಪ್ಟ್ ಇಳ್ಸು."

"ನಂದೇನೂ ತಪ್ಪಿಲ್ಲ ಮಿಸ್ ಓಜೆಲ್ಲಾ." ಅವನ ದನಿ ಕೆಳಗಿಳಿಯಿತು. "ಹತ್ತೋ ತಲೆ ಕಮ್ಮಿಯಾದ್ರೆ ಈ ರಸ್ತೆಗೆ ವ್ಯಾನೇ ನಿಲ್ಲುಸ್ತೀವಿ ಅಂದ್ರು. ಅವಳ್ ಹೆಸ್ರು ಒತ್ತಿ ಒತ್ತಿ ನಿಂದೂ ಉಳ್ಸಿದೀನಿ."

"ಉಳ್ಸಿದ್ದು ಕಾಣ್ತಾ ಐತಲ್ಲ. ಸತ್ತೋಳ್ಗೆ ಐದು ನಿಮ್ಸ ನಿಲ್ತೀಯ, ಬದ್ಕಿರೋಳ್ಗೆ ಹತ್ತು ಹೆಜ್ಜೆ ನಿಲ್ನಿಲ್ಲ. ನಿಮ್ಮವ್ವ ನಮ್ ಮೇಜಲ್ಲೇ ಮೀನ್ ಸೀಳಿ ನಿನ್ನ ಸಾಕುದ್ಲಲ್ಲೋ." ಅವಳು ಉಸಿರಿಗಾಗಿ ನಿಂತಳು. "ಕೆಂಪಾಯ್ತದೆ ನೋಡು. ಇಳ್ಸು."

ವ್ಯಾನಿನ ಒಳಗೆ ಕೂತಿದ್ದವನು ಕುರುಡ ಆಟಿಸ್ ಒಬ್ಬನೇ. ಚರ್ಚಿನಲ್ಲಿ ನಲವತ್ತು ವರ್ಷದಿಂದ ಅವಳ ಹಾಡು ಕೇಳಿದ ಮುದುಕ. "ಯಾರ್ಲಾ ಅದು ಕರ್ಟಿಸ್?" ಎಂದು ಕೇಳಿದ.

ಓಜೆಲ್ಲಾಳೇ ಹೇಳಿದಳು. "ಲುವೀನಿಯಾ."

ಆಟಿಸ್ ಮುಖ ಅವಳ ದನಿಯ ಕಡೆ ತಿರುಗಿತು. ಆಮೇಲೆ ತನ್ನ ಕೋಲನ್ನು ಪಕ್ಕದ ಸೀಟಿನಿಂದ ತೆಗೆದ. "ಬಾ ತಂಗಿ. ಬಾಳ ದಿನ ಆಗೋಗಿತ್ತು ನಿನ್ ದನಿ ಕೇಳಿ."

ಲಿಫ್ಟು ಕೆಳಗಿಳಿಯಿತು.

ಕ್ಲಿನಿಕ್ಕಿನವರಿಗೆ ಅವಳು ಯಾವ ಹೆಸರಿನಲ್ಲಿ ಬಂದಳೆಂಬುದು ಬೇಕಿರಲಿಲ್ಲ. ಅವರ ಕುರ್ಚಿಯಲ್ಲಿ ಓಜೆಲ್ಲಾ ಓಜೆಲ್ಲಾಳೇ. ಅವಳಿಗೆ ಯಂತ್ರ ಬಿಡುವಾದದ್ದು ಮಧ್ಯಾಹ್ನಕ್ಕೆ. ಬಾತ ಕಾಲು ಇಳಿಯಲು ನಾಲ್ಕರ ಬದಲು ಐದು ತಾಸು ಬೇಕಾಯಿತು. ಸಂಜೆ ಐದಕ್ಕೆ ನರ್ಸಮ್ಮ ದೀಪ ಆರಿಸಿ ಬಾಗಿಲು ಹಾಕಿ, "ವ್ಯಾನ್ ಬರುತ್ತಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿದಳು.

ಹೊರಗೆ ಇದ್ದದ್ದು ಅದೇ ಬೆಂಚು. ಓಜೆಲ್ಲಾ ಜನವರಿಯಿಂದ ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ, ಗೋಡೆಗೊರಗಿ ನಿಂತೇ ಕಾಯುತ್ತಿದ್ದಳು. ಇವತ್ತು ಕಾಲು ಕೇಳಲಿಲ್ಲ. ಬಲತುದಿಯಲ್ಲಿ ಕೂತಳು. ಆರಾಯಿತು. ಗಾಳಿ ಎದ್ದಿತು. ಕೌಂಟಿ ಕಚೇರಿಗೆ ಫೋನು ಮಾಡಿದಳು.

"ಯಾರ ಹೆಸರಲ್ಲಿದೆ ನಿಮ್ಮ ಸವಾರಿ?" ಎಂದಳು ವ್ಯಾನು ಕಳಿಸುವ ಹುಡುಗಿ ಟ್ಯಾಮಿ.

"ಲುವೀನಿಯಾ ಮೋಸ್ಲಿ."

ಕೀಲಿ ಒತ್ತುವ ಸದ್ದು. "ನಿಮ್ಮನ್ನ ಆಗಲೇ ಮನೆಗೆ ಬಿಟ್ಟಾಗಿದೆಯಲ್ಲ ಮೇಡಂ. ಮೂರೂ ನಲವತ್ತಕ್ಕೆ."

ಓಜೆಲ್ಲಾಳಿಗೆ ಕರ್ಟಿಸ್‌ನ ಬೆರಳು ನೆನಪಾಯಿತು. ಶನಿವಾರ ಅವನ ಪಾಳಿ ನಾಲ್ಕಕ್ಕೆ ಮುಗಿಯುತ್ತದೆ. ಬೆಳಗ್ಗೆ ಲುವೀನಿಯಾ ಹೋದಳೆಂದು ಒತ್ತಿದ ಹಾಗೇ ವಾಪಸು ಬಂದಳೆಂದೂ ಒತ್ತಿ ಮನೆಗೆ ಹೋಗುವುದು ಮೂರು ತಿಂಗಳಿಂದ ಅವನ ಬೆರಳಿಗೆ ರೂಢಿಯಾಗಿತ್ತು. ಇವತ್ತು ಒಳಗೆ ಮನುಷ್ಯಳಿದ್ದಳೆಂಬುದು ಆ ಬೆರಳಿಗೆ ಹೊಳೆದಿರಲಿಲ್ಲ.

"ಬಿಟ್ಟಿಲ್ಲ ಕಣಮ್ಮ. ಬೆಂಚಿನ್ ಮೇಲೆ ಕುಂತಿವ್ನಿ."

"ಇಲ್ಲಿ ಹಸಿರು ತೋರಿಸ್ತಿದೆ ಮೇಡಂ. ಮನೆ ತಲುಪಿದವರಿಗೆ ಇನ್ನೊಂದು ವ್ಯಾನ್ ಕಳಿಸೋಕೆ ಆಗಲ್ಲ."

"ಜನವರೀಲೂ ಹಿಂಗೇ ಹಸ್ರು ತೋರಿಸ್ತಾ?"

ಆ ಕಡೆ ಕೀಲಿಯ ಸದ್ದು ನಿಂತಿತು. ಟ್ಯಾಮಿ ಆ ಕೆಲಸಕ್ಕೆ ಹೊಸಬಳೇನಲ್ಲ, ಜನವರಿಯಲ್ಲೂ ವ್ಯಾನು ಕಳಿಸುತ್ತಿದ್ದವಳು ಅವಳೇ. ಈ ಸಲ ಮೇಡಂ ಬಿಟ್ಟು ಕೇಳಿದಳು. "ಯಾರು ಮಾತಾಡ್ತಿರೋದು?"

"ಹೇಳಿದ್ನಲ್ಲ. ಲುವೀನಿಯಾ." ಓಜೆಲ್ಲಾಳ ದನಿ ಏರಲಿಲ್ಲ. "ಈ ಬೆಂಚಿನ್ ಮ್ಯಾಲೆ ಒಂದ್ ಸಲ ಸತ್ತಿವ್ನಿ. ಎಲ್ಡನೇ ಸಲ ಸಾಯಾಕಿಲ್ಲ ಅಂತ ಬರ್ಕೋ. ಬರ್ದು ನಿಮ್ ಪ್ರೂಯಿಟ್ಗೆ ತೋರ್ಸು. ಆಮ್ಯಾಕೆ ವ್ಯಾನ್ ಕಳ್ಸು."

ಟ್ಯಾಮಿ ಫೋನು ಇಡಲಿಲ್ಲ. ಓಜೆಲ್ಲಾಳೂ ಇಡಲಿಲ್ಲ. ಆಚೆ ತುದಿಯ ಉಸಿರು ಇಲ್ಲಿಗೆ ಕೇಳುತ್ತಿತ್ತು. ಜನವರಿಯಲ್ಲಿ ಬೆಂಚಿನ ಸುತ್ತ ಗುಡಿಸಿದ್ದ ಅದೇ ಕಸ ಗುಡಿಸುವವನು ಪೊರಕೆ ಹಿಡಿದು ಬಂದ. ಬೆಂಚಿನ ಹತ್ತಿರ ಬಂದವನು ಅವಳನ್ನು ನೋಡಿ ನಿಂತ. ಅವಳು ಕಣ್ಣು ಮುಚ್ಚದೆ ಅವನನ್ನೇ ನೋಡಿದಳು. ಅವಳ ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅವನು ಆ ಜಾಗವನ್ನೂ ಅವಳನ್ನೂ ನೋಡಿ, ಗುಡಿಸದೆ ಹಿಂದಕ್ಕೆ ಹೋದ.