ಕೆಂಪಿ ಹಾಲು ಇಳಿಸಿದ ಬೆಳಗ್ಗೆ

ಕೋಡಿಹಳ್ಳಿ ಕಡೆಯ ಊರುಗಳಲ್ಲಿ ದಫೇದಾರ್ ದೇವರಾಜುವಿನ ಗಂಟಲಿಗೆ ಮೈಕು ಬೇಕಿರಲಿಲ್ಲ. "ಲೇ, ನಿಂತ್ಕಳ್ಲಾ!" ಎಂದು ಕೂಗಿದರೆ ಬೈಕಿನವರಿರಲಿ, ರಸ್ತೆಯಲ್ಲಿ ಹೋಗುವ ಎಮ್ಮೆಗಳೂ ನಿಲ್ಲುತ್ತಿದ್ದವು. ಹಾಗಂತ ಕೆಟ್ಟವನೇನಲ್ಲ, ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಅವನ ಹೆಂಡತಿಯೇ ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ಪೊಲೀಸಿನವನು ಮೆತ್ತಗೆ ಮಾತಾಡಿದರೆ ಜನ ತಲೆಯ ಮೇಲೆ ಕೂರುತ್ತಾರೆ ಎಂಬುದು ಅವನ ನಂಬಿಕೆ.

ಅಂಥವನ ಮರ್ಯಾದೆ ಈಗ ಬೋರಲಿಂಗಯ್ಯ ಎಂಬ ರೈತನ ಕೈಯಲ್ಲಿತ್ತು. ಬದುವಿನ ಜಗಳದಲ್ಲಿ ಪಕ್ಕದ ಹೊಲದವನನ್ನು ನೂಕಿದ ಸಣ್ಣ ಕೇಸು. ಕೋರ್ಟಿಗೆ ಹೋಗದೆ ತಪ್ಪಿಸಿಕೊಂಡಿದ್ದಕ್ಕೆ ವಾರಂಟ್ ಆಗಿತ್ತು. ದೇವರಾಜು ಎರಡು ಸಲ ಹಿಡಿಯಲು ಹೋಗಿದ್ದ. ಎರಡು ಸಲವೂ ಆಸಾಮಿ ನಾಪತ್ತೆ.

"ಇವತ್ತೂ ಬರಿಗೈಲಿ ಬಂದ್ರೆ, ಹನ್ನೊಂದು ಗಂಟೆಗೆ ಕನಕಪುರದ ಕೋರ್ಟಲ್ಲಿ ನೀವೇ ನಿಂತು ಉತ್ತರ ಹೇಳಿ," ಎಂದಿದ್ದರು ಎಸ್‌ಐ ಭಾನುಪ್ರಿಯ ಮೇಡಂ. ತುಂಬಿದ ಕೋರ್ಟಿನಲ್ಲಿ ಬೈಸಿಕೊಳ್ಳುವುದನ್ನು ದೇವರಾಜು ನೆನೆಯಲೂ ಸಿದ್ಧನಿರಲಿಲ್ಲ.

ಆ ಬೆಳಗ್ಗೆ ಬೋರಲಿಂಗಯ್ಯನ ಊರ ಹೊರಗೇ ಬೈಕಿನ ಪೆಟ್ರೋಲ್ ಮುಗಿಯಿತು. ಏರಿನಲ್ಲಿ ತಳ್ಳಿಕೊಂಡು ಬರುವಷ್ಟರಲ್ಲಿ ಕೂಗಲು ಉಸಿರೇ ಉಳಿದಿರಲಿಲ್ಲ. ಸದ್ದಿಲ್ಲದೆ ಕೊಟ್ಟಿಗೆಯೊಳಗೆ ಇಣುಕಿದರೆ, ಬೋರಲಿಂಗಯ್ಯ ಮಂಡಿಗಳ ನಡುವೆ ಪಾತ್ರೆ ಸಿಕ್ಕಿಸಿಕೊಂಡು ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಾನೆ! ದೇವರಾಜುವಿಗೆ ಉಸಿರು ಬಂತು, ಅದರ ಹಿಂದೆಯೇ ದನಿಯೂ ಬಂತು.

"ಏನ್ಲಾ ಬೋರಲಿಂಗ! ಸಿಗಾಕ್ಕಂಡ್ಯಾ? ಏಳ್ಲಾ ಮ್ಯಾಕೆ!"

ಹಸು ಬೆಚ್ಚಿಬಿದ್ದು ಕಾಲು ಝಾಡಿಸಿತು. ಚೊರ್ ಚೊರ್ ಎನ್ನುತ್ತಿದ್ದ ಹಾಲು ನಿಂತೇಹೋಯಿತು.

"ಅಯ್ಯೋ, ಹಾಲು ಎತ್ಕಂಬುಡ್ತಲ್ಲ ಸಾರ್!" ಎಂದ ಬೋರಲಿಂಗಯ್ಯ. "ನಾನೆಲ್ಲಿಗೂ ಓಡಾಕಿಲ್ಲ. ಕೆಂಪಿ ಚೊಚ್ಚಲು ಕರ ಹಾಕವ್ಳೆ. ಕರೀದೆ ಬುಟ್ರೆ ಕೆಚ್ಚಲು ಕಲ್ಲಾಯ್ತದೆ. ನನ್ ಬುಟ್ರೆ ಬ್ಯಾರೆ ಯಾರ್‍ನೂ ಹತ್ರ ಸೇರ್ಸಾಕಿಲ್ಲ."

"ಹಾಲೂ ಇಲ್ಲ, ಗೀಲೂ ಇಲ್ಲ! ನಡೀಲಾ!"

ಕೆಂಪಿ ಬಾಲ ಬೀಸಿ ದಫೇದಾರನ ಟೋಪಿಯನ್ನೇ ಕೆಡವಿತು. ಬೂಸಾ ತರುತ್ತಿದ್ದ ಬೋರಲಿಂಗಯ್ಯನ ಹೆಂಡತಿ ಸಿದ್ದಮ್ಮ ಟೋಪಿ ಎತ್ತಿ ಕೊಡವಿ, "ದಫೇದಾರ್ರೇ, ನೀವು ಕೂಗ್ದಷ್ಟೂ ನಿಮ್ಗೇ ತಡ. ಒಸಿ ಮೆತ್ತಗೆ ಮಾತಾಡ್ಸಿ. ನಿಮ್ ದನಿಗೆ ಹೊಂದ್ಕಂಡ್ರೆ ತಾನೇ ಹಾಲು ಇಳಿಸ್ತಾಳೆ," ಎಂದಳು.

ಗಂಟೆ ನೋಡಿದರೆ ಕೋರ್ಟಿಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಕೆಲಸ ಆಗಬೇಕಾದರೆ ಕತ್ತೆಯ ಕಾಲನ್ನಾದರೂ ಹಿಡಿಯಬೇಕಂತೆ. ಇದು ಹಸು, ಪರವಾಗಿಲ್ಲ. ದೇವರಾಜು ಬಕೆಟ್ಟು ಬೋರಲು ಹಾಕಿ ಕೂತು, ಗಂಟಲು ಸರಿಮಾಡಿಕೊಂಡು, "ಅವ್ವಾ... ಕೆಂಪವ್ವಾ... ನಮ್ಮವ್ವ ಅಲ್ವಾ..." ಎಂದ. ಅವನ ತಾಯಿ ತಮ್ಮ ಮನೆಯ ಹಸುವಿಗೆ ಹೀಗೇ ಹೇಳುತ್ತಿದ್ದಳು. ಆ ಮಾತು ತನ್ನ ಬಾಯಲ್ಲಿ ಇನ್ನೂ ಉಳಿದಿದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಕೇಳಿ ಅವನಿಗೇ ಹಿತವಾಯಿತು. ಕೆಂಪಿಯ ಕಿವಿ ಅತ್ತಿತ್ತ ಆಡಿತು. ಚೊರ್ ಎಂದು ಹಾಲಿನ ಸದ್ದು ಮತ್ತೆ ಕೇಳಿಸಿತು.

ಅಷ್ಟರಲ್ಲಿ ಫೋನು. ಆ ಕಡೆಯಿಂದ ಮೇಡಂ ಗುಡುಗಿದರು: "ಎಲ್ರೀ ಇದೀರಿ?"

"ಮೇಡಂ... ಒಸಿ ಮೆತ್ತಗೆ..." ದೇವರಾಜು ಪಿಸುಗುಟ್ಟಿದ. "ಅವನ ಪಕ್ಕದಲ್ಲೇ ಇದ್ದೀನಿ."

ಮೇಡಂ ದನಿಯೂ ತಟ್ಟನೆ ಪಿಸುಮಾತಾಯಿತು. "ಅವನ ಕೈಯಲ್ಲೇನಾದ್ರೂ ಇದೆಯಾ?"

"ಪಾತ್ರೆ ಇದೆ ಮೇಡಂ."

"ಜನ ಕಳಿಸ್ಲಾ?"

"ಬೇಡಿ ಮೇಡಂ, ಗಾಬರಿ ಆಗ್ತಾಳೆ. ಇನ್ನೊಸಿ ಇಳಿಸ್ಲಿ, ಕರ್ಕೊಂಬತ್ತೀನಿ."

ಮೇಡಂಗೆ ಏನು ಅರ್ಥವಾಯಿತೋ, "ಹುಷಾರು" ಎಂದು ಫೋನಿಟ್ಟರು. ಪಾತ್ರೆ ತುಂಬಿ ನೊರೆ ಬಂತು. ಹೊಲಕ್ಕೆ ಔಷಧಿ ಹೊಡೆಯುವ ಮಿಷನ್ನಿಗೆಂದು ಇಟ್ಟಿದ್ದ ಪೆಟ್ರೋಲನ್ನು ಸಿದ್ದಮ್ಮನೇ ಬೈಕಿಗೆ ಹುಯ್ದಳು. ಬೋರಲಿಂಗಯ್ಯ ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಹೊರಟವನ ಹಾಗೆ ಹಿಂದೆ ಕೂತ. ಹನ್ನೊಂದು ಹೊಡೆಯುವ ಮುಂಚೆಯೇ ಇಬ್ಬರೂ ಕೋರ್ಟಿನಲ್ಲಿದ್ದರು. ದೇವರಾಜುವಿಗೆ ಹೋದ ಜೀವ ಬಂದಂತಾಯಿತು.

ಜಡ್ಜ್ ಕನ್ನಡಕದ ಮೇಲಿಂದ ನೋಡಿದರು. "ಎರಡು ಸಲ ಪೊಲೀಸರು ಬಂದಾಗ ಎಲ್ಲಿ ಹೋಗಿದ್ರಿ?"

"ಮನೇಲೇ ಇದ್ದೆ ಸ್ವಾಮಿ," ಎಂದ ಬೋರಲಿಂಗಯ್ಯ, ಮುಚ್ಚುಮರೆಯಿಲ್ಲದೆ. "ಈ ದಫೇದಾರ್ರು ಊರ ಬಾಗ್ಲಿಂದ್ಲೇ 'ಎಲ್ಲವ್ನೆ ಅವ್ನು' ಅಂತ ಕೂಗ್ಕಂಡು ಬರೋರು. ಏನ್ ಮಾಡ್ಬುಡ್ತಾರೋ ಅಂತ ಹಿತ್ಲಿಂದ ಕಬ್ಬಿನ ಗದ್ದೆಗೆ ಓಡೋಯ್ತಿದ್ದೆ. ಇವತ್ತು ಪಕ್ಕದಲ್ಲಿ ಕೂತು 'ನಮ್ಮವ್ವ' ಅಂತ ಹಸೂನ ಮಾತಾಡ್ಸುದ್ರು. ಇಂಥೋರು ಏನ್ ಮಾಡಾರು ಅಂತ ಬಂದ್ಬುಟ್ಟೆ."

ಕೋರ್ಟೆಲ್ಲ ಗೊಳ್ಳೆಂದಿತು. ಜಡ್ಜ್ ತುಟಿ ಬಿಗಿಹಿಡಿದು ನಗು ತಡೆದರು, ಇನ್ನು ತಪ್ಪಿಸಬಾರದೆಂದು ಗದರಿ ವಾರಂಟ್ ರದ್ದು ಮಾಡಿದರು. ಆಮೇಲೆ ಕತ್ತು ತಿರುಗಿಸಿ ಕೇಳಿದರು:

"ಏನ್ರೀ ದಫೇದಾರ್, ಇವರು ಹೇಳಿದ್ದು ನಿಜವಾ?"

ದೇವರಾಜುವಿನ ಕಿವಿ ಬಿಸಿಯಾಯಿತು. ಟೋಪಿಯನ್ನು ಕಂಕುಳಲ್ಲಿ ಅದುಮಿಕೊಂಡು ಏನೋ ಹೇಳಿದ.

"ಸ್ವಲ್ಪ ಜೋರಾಗಿ ಹೇಳ್ರೀ," ಎಂದರು ಜಡ್ಜ್. "ಏನೂ ಕೇಳಿಸ್ತಾ ಇಲ್ಲ."